ಓದುಗರ ಪ್ರಶ್ನೆ: ಅಲ್ಯೂಮಿನಿಯಂ ಪೈಪಿನಲ್ಲಿ ದೂರದರ್ಶಕ

ಪ್ರಶ್ನೆ: 80 ಮಿ.ಮೀ. ವ್ಯಾಸ, 900 ಮಿ.ಮೀ. ಸಂಗಮ ದೂರದ ಅಕ್ರೊಮ್ಯಾಟ್ ಮಸೂರ (ಬಣ್ಣದ ಅಂಚು ತಗ್ಗಿಸುವ ಎರಡು ಗಾಜಿನ ಜೋಡಿ), ಒಂದೂಕಾಲು ಇಂಚಿನ ಫೋಕಸರ್ (ಐಪೀಸನ್ನು ಹಿಂದೆಮುಂದೆ ಸರಿಸುವ ಕೊಳವೆ) ಮತ್ತು ಡಯಾಗನಲ್ (ಬೆಳಕನ್ನು ಪಕ್ಕಕ್ಕೆ ತಿರುಗಿಸುವ ಕನ್ನಡಿ ತುಂಡು) ತರಿಸಿಕೊಂಡಿದ್ದೇನೆ. ಪೈಪನ್ನು 900 ಮಿ.ಮೀ.ಗೇ ಕತ್ತರಿಸಬೇಕೆ? ಯಾವ ಪೈಪ್ ಒಳ್ಳೆಯದು?
– ಓದುಗರು, ಚಿಂತಾಮಣಿ

ಉತ್ತರ: 900 ಇಟ್ಟರೆ ಆಗುವುದಿಲ್ಲ. ಬಿಂಬ ಪೈಪಿನ ಹಿಂದಿನ ಬಾಯಲ್ಲೇ ಮೂಡುತ್ತದೆ, ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಇರುವುದು ಅದಕ್ಕಿಂತ 150 ಮಿ.ಮೀ.ಗೂ ಹಿಂದೆ. ಫೋಕಸರನ್ನು ಪೂರ್ತಿ ಒಳಗೆ ತಿರುಗಿಸಿದಾಗ ಅದರ ಎತ್ತರ 90 ಮಿ.ಮೀ. ಎಂದಿಟ್ಟುಕೊಳ್ಳಿ. ಡಯಾಗನಲ್ ಒಳಗೆ ಬೆಳಕು ಸಾಗುವ ದಾರಿ ಸುಮಾರು 70. ಐಪೀಸ್ ಬದಲಿಸಿದಾಗ ಹಿಂದೆಮುಂದೆ ಆಡಿಸಲು 30 ಬಿಡಿ. 900ರಲ್ಲಿ ಈ 190 ಕಳೆದರೆ 710. ಮಸೂರದಿಂದ ಪೈಪಿನ ಹಿಂದಿನ ತುದಿಗೆ ಇರಬೇಕಾದ ದೂರ ಇದು. ನಿಮ್ಮ ಫೋಕಸರಿನ ಅಳತೆ ಬೇರೆ ಇರಬಹುದು, ಸ್ಕೇಲ್ ಹಿಡಿದು ನೋಡಿಕೊಂಡೇ ಲೆಕ್ಕ ಹಾಕಿ.

ಮಸೂರದ ಪೆಟ್ಟಿಗೆಯ ಮೇಲಿನ ಅಂಕಿ ನಂಬಿ ಗರಗಸ ಹಾಕಬೇಡಿ. ಹಗಲು ಹೊತ್ತಿನಲ್ಲಿ ಕತ್ತಲೆ ಕೋಣೆಯ ಕಿಟಕಿಗೆ ಮಸೂರ ಹಿಡಿದು, ಅಂಬಾಜಿದುರ್ಗದಂಥ ದೂರದ ಬೆಟ್ಟದ ಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸಿ ಟೇಪಿನಲ್ಲಿ ಅಳೆಯಿರಿ. ಹತ್ತಿರದ ಕಂಬ, ಟವರ್ ಬೇಡ. 50 ಮೀಟರ್ ದೂರದ ವಸ್ತುವಿನ ಬಿಂಬ ನಿಜವಾದ ಸಂಗಮ ಬಿಂದುವಿಗಿಂತ 16 ಮಿ.ಮೀ. ಹಿಂದೆ ಬೀಳುತ್ತದೆ. 2 ಕಿ.ಮೀ. ಆಚೆಯ ಬೆಟ್ಟವಾದರೆ ಈ ವ್ಯತ್ಯಾಸ ಅರ್ಧ ಮಿ.ಮೀ. ಕೂಡ ಬರುವುದಿಲ್ಲ.

ಅಷ್ಟಾದರೂ ಮೊದಲ ಸಲ 750ಕ್ಕೇ ಕತ್ತರಿಸಿ. ಡಯಾಗನಲ್ ತೆಗೆದು, ಒಂದು ನಕ್ಷತ್ರಕ್ಕೆ ಫೋಕಸ್ ಮಾಡಿ, ಫೋಕಸರ್ ಎಷ್ಟು ಹೊರಬಂದಿದೆ ಅಳೆಯಿರಿ. ಮೇಲಿನ ಲೆಕ್ಕದಲ್ಲಿ ಅದು 100 (70+30) ಇರಬೇಕು. 60 ಇದ್ದರೆ ಇನ್ನೂ 40 ಕತ್ತರಿಸಬಹುದು. ಉದ್ದ ಉಳಿದ ಪೈಪನ್ನು ಯಾವಾಗ ಬೇಕಾದರೂ ಕಡಿಮೆ ಮಾಡಬಹುದು.

ಪೈಪಿನ ಒಳವ್ಯಾಸ 90, ದಪ್ಪ 2 ಮಿ.ಮೀ. ಸಾಕು. ಈ ಅಳತೆಯ ಅಲ್ಯೂಮಿನಿಯಂ ಪೈಪ್ ಸುಮಾರು 1.15 ಕಿಲೊ ತೂಗುತ್ತದೆ. ಅದೇ ಅಳತೆಯ ಜಿ.ಐ. ಪೈಪ್ ಮೂರು ಪಟ್ಟು ಭಾರ, ಸ್ಟ್ಯಾಂಡ್ ತಡೆಯುವುದಿಲ್ಲ.

ಪ್ರಶ್ನೆ: ಪೈಪನ್ನು ಹ್ಯಾಕ್ಸಾದಲ್ಲಿ ಕತ್ತರಿಸಿ, ಅರದಿಂದ ಉಜ್ಜಿ, ಮಸೂರ ಕೂರಿಸಿದೆವು. ನಕ್ಷತ್ರಗಳಿಗೆ ಒಂದೇ ಬದಿಗೆ ಬಾಲ ಬಂದಂತೆ ಕಾಣುತ್ತದೆ. ಮಸೂರವನ್ನು ಹಿಡಿದಿಡುವ ಉಂಗುರವನ್ನು ಬಿಗಿ ಮಾಡಿದರೆ ನಕ್ಷತ್ರ ಮೂರು ಮೂಲೆಯಾಗುತ್ತದೆ. ಮಸೂರವೇ ಕೆಟ್ಟದ್ದೆ?
– ವಿಜ್ಞಾನ ಸಂಘದ ವಿದ್ಯಾರ್ಥಿಗಳು, ತುಮಕೂರು

ಉತ್ತರ: ನೀವು ಹೇಳುವ ಎರಡೂ ಲಕ್ಷಣಗಳು ಮಸೂರ ಕೂತಿರುವ ರೀತಿಯಿಂದ ಬರುವಂಥವು. ಮಸೂರವನ್ನು ಬಯ್ಯುವ ಮೊದಲು ಅದನ್ನು ಸರಿಪಡಿಸಿ.

ಬಾಲ ಬರುವುದು ಮಸೂರ ವಾಲಿರುವುದರಿಂದ. 90 ಮಿ.ಮೀ. ಅಗಲದ ಬಾಯಲ್ಲಿ ಒಂದು ಕಡೆ ಅರ್ಧ ಮಿ.ಮೀ. ಏರುಪೇರಾದರೂ, 900 ಮಿ.ಮೀ. ಹಿಂದೆ ಹೋಗುವಷ್ಟರಲ್ಲಿ ಮಸೂರದ ಅಕ್ಷ 5 ಮಿ.ಮೀ. ಪಕ್ಕಕ್ಕೆ ಸರಿದಿರುತ್ತದೆ. ಕೈಯಲ್ಲಿ ಅರ ಹಿಡಿದು ಇದನ್ನು ಸರಿ ಮಾಡುವುದು ಕಷ್ಟ. ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಯಾವುದಾದರೂ ಲೇತ್ ಶಾಪಿನಲ್ಲಿ ಎರಡೂ ತುದಿಗಳಿಗೆ ಫೇಸಿಂಗ್ (ತುದಿಯನ್ನು ನೇರವಾಗಿ, ಸಮತಟ್ಟಾಗಿ ಕೆತ್ತುವುದು) ಮಾಡಿಸಿ. ಟರ್ನರ್‌ಗೆ ಎರಡು ಮಾತು ಮೊದಲೇ ಹೇಳಿ: ಇಷ್ಟುದ್ದದ ಪೈಪಿಗೆ ಸ್ಟೆಡಿ ರೆಸ್ಟ್ (ತಿರುಗುವ ಪೈಪಿಗೆ ಆಸರೆ) ಬೇಕು, ಮತ್ತು ಚಕ್ (ಲೇತಿನ ಮೂರು ದವಡೆಯ ಹಿಡಿಕೆ) ಹಿಡಿಯುವ ತುದಿಯೊಳಗೆ ಬಿಗಿಯಾದ ಮರದ ಬಿಲ್ಲೆ ತುರುಕಬೇಕು. ಬಿಲ್ಲೆ ಇಲ್ಲದಿದ್ದರೆ ತೆಳು ಪೈಪ್ ಮೂರು ದವಡೆಯ ಒತ್ತಡಕ್ಕೆ ಅಮುಕಿ, ಬಿಟ್ಟ ಮೇಲೆ ಗುಂಡಗೆ ಉಳಿಯುವುದಿಲ್ಲ. ಐಪೀಸ್‌ಗಳಿಗೆ ಸುರಿಯುವ ಹಣದಲ್ಲಿ ಸ್ವಲ್ಪವನ್ನು ಈ ಕೆಲಸಕ್ಕೆ ಕೊಟ್ಟರೆ ಅದರ ಲಾಭ ಪ್ರತಿ ರಾತ್ರಿಯೂ ಸಿಗುತ್ತದೆ.

ಮೂರು ಮೂಲೆ ಕಾಣುವುದು ಗಾಜಿನ ಮೇಲೆ ಒತ್ತಡ ಬಿದ್ದಾಗ. ಮಸೂರ ಕೂರುವ ಗೂಡಿನ ವ್ಯಾಸ ಗಾಜಿಗಿಂತ 0.1ರಿಂದ 0.2 ಮಿ.ಮೀ. ಹೆಚ್ಚಿರಲಿ. ಚಳಿಗೆ ಅಲ್ಯೂಮಿನಿಯಂ ಗಾಜಿಗಿಂತ ಜಾಸ್ತಿ ಕುಗ್ಗುತ್ತದೆ, ಆಗ ಹಿಂಡಬಾರದು. ಉಂಗುರವನ್ನು ಗಾಜಿಗೆ ತಾಗುವವರೆಗೆ ತಿರುಗಿಸಿ, ಅಲ್ಲಿಂದ ಕೂದಲೆಳೆಯಷ್ಟು ಹಿಂದಕ್ಕೆ ಬಿಡಿ. ಮಸೂರ ಅಲ್ಲಾಡಬಾರದು, ಆದರೆ ಬೆರಳಿನಿಂದ ಮೆತ್ತಗೆ ತಿರುಗಿಸಿದರೆ ತಿರುಗಬೇಕು. ಎರಡು ಗಾಜುಗಳನ್ನು ಬಿಡಿಸುವುದೇ ಆದರೆ, ಮೊದಲು ಅಂಚಿನ ಮೇಲೆ ಪೆನ್ಸಿಲ್‌ನಲ್ಲಿ ಎರಡಕ್ಕೂ ಸೇರುವಂತೆ ಒಂದು ಬಾಣ ಎಳೆಯಿರಿ. ಗಾಜುಗಳ ನಡುವಿನ ಮೂರು ತೆಳು ತಗಡಿನ ಚೂರುಗಳೂ ಅದೇ ಜಾಗಕ್ಕೆ ಹಿಂತಿರುಗಬೇಕು.

ಕೊನೆಗೆ ಪರೀಕ್ಷೆ. ಫೋಕಸರಿಗೆ ನಡುವೆ 2 ಮಿ.ಮೀ. ತೂತಿರುವ ಬಿಳಿ ರಟ್ಟಿನ ಬಿಲ್ಲೆ ಹಾಕಿ, ಅದರ ಒಳಮುಖಕ್ಕೆ ಪಕ್ಕದಿಂದ ಸಣ್ಣ ಎಲ್‌ಇಡಿ ಬೆಳಕು ಬೀಳಿಸಿ, ಮಸೂರಕ್ಕೆ ಮುಚ್ಚಳ ಹಾಕಿ ತೂತಿನಿಂದ ನೋಡಿ. ಗಾಜಿನ ಮೈಗಳಿಂದ ಮರಳುವ ಬಿಳಿ ಬಿಲ್ಲೆಯ ಬಿಂಬಗಳು ಒಂದರ ಮೇಲೊಂದು ಕೂತಿದ್ದರೆ ಅಕ್ಷ ಸರಿ. ಪಕ್ಕಕ್ಕೆ ಸರಿದಿದ್ದರೆ ಗೂಡಿನ ಮೂರು ಜೋಡಿ ಸ್ಕ್ರೂಗಳಿಂದ ಸರಿಪಡಿಸಿ.

ಪ್ರಶ್ನೆ: ಗೌರಿಬಿದನೂರಿನಿಂದ. 2027ರ ಆಗಸ್ಟ್ 2ರ ಸೂರ್ಯಗ್ರಹಣವನ್ನು ಮನೆಯ ದೂರದರ್ಶಕದಲ್ಲಿ ನೋಡಬಹುದೆ? ಐಪೀಸಿಗೆ ಹಾಕುವ ಕಪ್ಪು ಗಾಜು ಸಿಕ್ಕಿದೆ.

ಉತ್ತರ: ಆ ಕಪ್ಪು ಗಾಜನ್ನು ಇವತ್ತೇ ಎಸೆಯಿರಿ. ಮಸೂರ ಕೂಡಿಸಿದ ಬಿಸಿಲಿನ ಶಾಖಕ್ಕೆ ಅದು ಸೀಳಿದರೆ ಕಣ್ಣು ಅದೇ ಕ್ಷಣದಲ್ಲಿ ಹೋಗುತ್ತದೆ. ಸೂರ್ಯನಿಗೆಂದೇ ತಯಾರಿಸಿದ ಫಿಲ್ಟರ್ ಮುಂದಿನ ಮಸೂರದ ಮೇಲೆ, ಗಾಳಿಗೆ ಕಳಚದಂತೆ ಕೂರಬೇಕು. ಫೈಂಡರ್ (ಗುರಿ ಹಿಡಿಯುವ ಸಣ್ಣ ದೂರದರ್ಶಕ) ಇದ್ದರೆ ಅದಕ್ಕೂ ಮುಚ್ಚಳ ಹಾಕಿರಿ.

ಪ್ರಶ್ನೆ: ಚಂದ್ರನ ಸುತ್ತ ಆಕಾಶ ಬೂದಿ ಬಣ್ಣವಾಗಿ ಕಾಣುತ್ತದೆ. ಪೈಪಿನ ಒಳಗೆ ಕಪ್ಪು ಬಣ್ಣ ಬಳಿದಿದ್ದೇವೆ. ಡಿಸೆಂಬರ್‌ನಲ್ಲಿ ಮಸೂರದ ಮೇಲೆ ಇಬ್ಬನಿಯೂ ಕೂರುತ್ತದೆ.
– ಓದುಗರು, ಕೋಲಾರ

ಉತ್ತರ: ಬಣ್ಣ ಒಂದೇ ಸಾಲದು. ನಯವಾದ ಲೋಹದ ಮೇಲೆ ಓರೆಯಾಗಿ ಬಿದ್ದ ಬೆಳಕು ಕಪ್ಪು ಬಣ್ಣದಿಂದಲೂ ಜಾರಿ ಐಪೀಸಿಗೆ ಬರುತ್ತದೆ. ಒಳಗೆ ಮೂರು ತಡೆ ಬಿಲ್ಲೆಗಳು ಬೇಕು. ಮಸೂರದಿಂದ 225, 450, 675 ಮಿ.ಮೀ. ದೂರದಲ್ಲಿ ಕ್ರಮವಾಗಿ 67, 52, 37 ಮಿ.ಮೀ. ತೂತು. ಇದು 80/900 ಮಸೂರಕ್ಕೆ, ಬೆಳಕಿನ ಶಂಕುವಿಗಿಂತ 2 ಮಿ.ಮೀ. ಜಾಗ ಬಿಟ್ಟು ಹಾಕಿದ ಲೆಕ್ಕ. ಇದಕ್ಕಿಂತ ಚಿಕ್ಕ ತೂತು ಇಟ್ಟರೆ 80ರ ಮಸೂರ 60ರದ್ದಾಗಿಬಿಡುತ್ತದೆ. ಬಿಲ್ಲೆಗಳನ್ನು 4 ಮಿ.ಮೀ. ಥ್ರೆಡ್ ರಾಡ್ ಮೂರಕ್ಕೆ ನಟ್ ಹಾಕಿ ಕೂರಿಸಿ, ಒಟ್ಟಿಗೇ ಒಳಗೆ ತಳ್ಳಿ.

ಬಣ್ಣಕ್ಕೆ ಬ್ಲ್ಯಾಕ್‌ಬೋರ್ಡ್ ಪೇಂಟ್ ಒಳ್ಳೆಯದು. ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದ ಮರದ ಪುಡಿ ಬೆರೆಸಿದರೆ ಹೊಳಪು ಸಾಯುತ್ತದೆ. ಮೊದಲು ಲೋಹವನ್ನು ಎಮರಿ ಪೇಪರಿನಿಂದ ಉಜ್ಜಿ ಪ್ರೈಮರ್ ಹಚ್ಚದಿದ್ದರೆ ಪದರ ಎದ್ದು, ಚೂರುಗಳು ಮಸೂರದ ಹಿಂಬದಿಗೆ ಬಂದು ಕೂರುತ್ತವೆ.

ಇಬ್ಬನಿಗೆ ಮಸೂರದ ಮುಂದೆ 160 ಮಿ.ಮೀ. ಉದ್ದದ ಮುಸುಕು ಕೊಳವೆ ಹಾಕಿ. ಕೂತ ಇಬ್ಬನಿಯನ್ನು ಬಟ್ಟೆಯಲ್ಲಿ ಒರೆಸಬೇಡಿ, ಹೇರ್ ಡ್ರೈಯರ್‌ನ ಬಿಸಿಗಾಳಿ ದೂರದಿಂದ ಸಾಕು.

ಪ್ರಶ್ನೆ: ಮಧುಗಿರಿಯ ಶಾಲೆಗೆ ಕಡಿಮೆ ಖರ್ಚಿನ ದಾರಿ?

ಉತ್ತರ: ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಕತ್ತರಿಸದ ಪ್ಲಸ್ 1 ಪವರ್ ಗಾಜು ಕೇಳಿ. ಸಂಗಮ ದೂರ ಸರಿಯಾಗಿ 1 ಮೀಟರ್. ಉಬ್ಬಿದ ಮುಖ ಆಕಾಶದ ಕಡೆಗಿರಲಿ. ಒಂಟಿ ಗಾಜಾದ್ದರಿಂದ ಬಣ್ಣದ ಅಂಚು ಬರುತ್ತದೆ, ರಟ್ಟಿನಲ್ಲಿ 30 ಮಿ.ಮೀ. ತೂತು ಮಾಡಿ ಮುಂದೆ ಇಟ್ಟರೆ ತಗ್ಗುತ್ತದೆ. 25 ಮಿ.ಮೀ. ಐಪೀಸಿನೊಂದಿಗೆ 40 ಪಟ್ಟು ದೊಡ್ಡದಾಗಿ ಕಾಣುತ್ತದೆ. ಗೆಲಿಲಿಯೊ 1610ರ ಜನವರಿಯಲ್ಲಿ ಗುರುವಿನ ಚಂದ್ರರನ್ನು ಕಂಡದ್ದು ಸುಮಾರು 20 ಪಟ್ಟಿನಲ್ಲಿ. ಚಂದ್ರನ ಕುಳಿಗಳನ್ನು ತೋರಿಸಲು ಹುಣ್ಣಿಮೆ ಬೇಡ, ಶುಕ್ಲ ಪಕ್ಷದ ಸಪ್ತಮಿ-ಅಷ್ಟಮಿಯ ಸಂಜೆ ಆರಿಸಿಕೊಳ್ಳಿ, ನೆರಳುಗಳು ಆಗ ಉದ್ದವಿರುತ್ತವೆ.