ಹಾಟ್ ಡಾಗ್ ಸ್ಪರ್ಧೆಯ ಟೇಬಲ್‌ನಲ್ಲಿರುವ 53¾ ಅನ್ನು ಸಂಖ್ಯೆ ಮಾಡುವುದು ಹೇಗೆ?

ನೀವು ತೆಗೆದುಕೊಂಡಿರುವುದು ನೇಥನ್ಸ್ ಸ್ಪರ್ಧೆಯ, ಅಂದರೆ ಯಾರು ಹೆಚ್ಚು ಹಾಟ್ ಡಾಗ್ ತಿನ್ನುತ್ತಾರೆ ಎಂಬ ಪಂದ್ಯದ ಫಲಿತಾಂಶ. ನ್ಯೂಯಾರ್ಕಿನ ಕೋನಿ ಐಲ್ಯಾಂಡ್‌ನಲ್ಲಿ ಪ್ರತಿ ಜುಲೈ 4ಕ್ಕೆ ನಡೆಯುತ್ತದಲ್ಲ, ಅದು. ಎಷ್ಟು ತಿಂದರು ಎಂಬ ಕಾಲಂ ಪಾಂಡಾಸ್‌ನಲ್ಲಿ (ಟೇಬಲ್‌ಗಳನ್ನು ಸಂಭಾಳಿಸುವ ಪೈಥಾನ್ ಲೈಬ್ರರಿ) ಫ್ಲೋಟ್, ಅಂದರೆ ದಶಮಾಂಶ ಸಂಖ್ಯೆ ಆಗುತ್ತಿಲ್ಲ, ಗ್ರಾಫ್ ಬರುತ್ತಿಲ್ಲ ಅಂತ ಕೇಳಿದ್ದೀರಿ. ಇದೇ ಟೇಬಲನ್ನು ನಾನೂ ಅಭ್ಯಾಸಕ್ಕೆ ಬಳಸಿದ್ದೇನೆ. ಚಿಕ್ಕದಾದರೂ ಕಸ ಜಾಸ್ತಿ.

ತೊಂದರೆ ಕೊಡುತ್ತಿರುವುದು ಭಿನ್ನರಾಶಿ. 2006ರಲ್ಲಿ ಜಪಾನಿನ ಸ್ಪರ್ಧಿ ಕೊಬಯಾಶಿ ತಿಂದದ್ದು 53¾. ಈ ¾ ಯೂನಿಕೋಡ್‌ನಲ್ಲಿ ಒಂದೇ ಅಕ್ಷರ. ಎನ್‌ಎಫ್‌ಕೆಸಿ (ವಿಶೇಷ ಅಕ್ಷರಗಳನ್ನು ಸಾಮಾನ್ಯ ರೂಪಕ್ಕೆ ತರುವ ಯೂನಿಕೋಡ್ ವಿಧಾನ) ನಾರ್ಮಲೈಸ್ ಮಾಡಿ ಅಂತ ಯಾರಾದರೂ ಹೇಳಿದರೆ ಸುಮ್ನೆ ಮಾಡಿಬಿಡಬೇಡಿ. ಅದು ¾ ಅನ್ನು ಒಡೆದು 3, ಗೆರೆ, 4 ಮಾಡುತ್ತದೆ. ಹಿಂದಿನ 53ಕ್ಕೆ ಅಂಟಿಕೊಂಡು 533/4 ಅಂತ ಕಾಣುತ್ತದೆ. ಭಾಗಿಸಿದರೆ 133 ಹಾಟ್ ಡಾಗ್! ಅದರ ಬದಲು ¼, ½, ¾ಗಳನ್ನು ನೇರವಾಗಿ .25, .5, .75 ಎಂದು ಬದಲಿಸಿ, ಆಮೇಲೆ ಫ್ಲೋಟ್ ಮಾಡಿ. ಸಾಕು. ಹಳೆಯ ವರ್ಷಗಳಲ್ಲಿ ⅛ ಕೂಡ ಸಿಗುತ್ತದೆ, ಅದನ್ನೂ ಸೇರಿಸಿಕೊಳ್ಳಿ.

2008ರಲ್ಲಿ ಅಮೆರಿಕದ ಸ್ಪರ್ಧಿ ಚೆಸ್ಟ್‌ನಟ್ ಮತ್ತು ಕೊಬಯಾಶಿ ಇಬ್ಬರೂ 59 ತಿಂದು ಸಮ ಆದರು. ಮತ್ತೆ ಐದೈದು ಕೊಟ್ಟು, ಮೊದಲು ಮುಗಿಸಿದ ಚೆಸ್ಟ್‌ನಟ್ ಗೆದ್ದರು. ಆ ಐದನ್ನು 59ಕ್ಕೆ ಕೂಡಿಸಬೇಡಿ, ಬೇರೆ ಕಾಲಂನಲ್ಲಿ ಇಡಿ.

ಇಷ್ಟಾದರೆ ಗ್ರಾಫ್ ಬರುತ್ತದೆ, ಆದರೆ ಸುಳ್ಳು ಹೇಳುತ್ತದೆ. ನನ್ನ ಪ್ರಕಾರ ನಿಜವಾದ ಕೆಲಸ ಇರುವುದು ಇಲ್ಲೇ. 2007ರಲ್ಲಿ ಚೆಸ್ಟ್‌ನಟ್ 66 ತಿಂದಿದ್ದರು, ಮರುವರ್ಷ 59. ಸುಸ್ತಾದರು ಅನಿಸುತ್ತದೆ, ಅಲ್ವಾ? 2008ರಿಂದ ಸಮಯವನ್ನೇ 12 ನಿಮಿಷದಿಂದ 10ಕ್ಕೆ ಇಳಿಸಿದ್ದರು. ನಿಮಿಷಕ್ಕೆ ಲೆಕ್ಕ ಹಾಕಿದರೆ 5.5ರಿಂದ 5.9ಕ್ಕೆ ಏರಿದ್ದಾರೆ. ಹಾಗಾಗಿ ಸ್ಪರ್ಧೆಯ ಅವಧಿಗೆ ಒಂದು ಕಾಲಂ ಬೇಕೇ ಬೇಕು. ಆದರೆ 59 ಅನ್ನು 12 ನಿಮಿಷಕ್ಕೆ ಹಿಗ್ಗಿಸಿ 71 ಅಂತ ಬರೆಯಬೇಡಿ. ಹೊಟ್ಟೆ ತುಂಬಿದ ಕೊನೆಯ ನಿಮಿಷಗಳಲ್ಲಿ ಮೊದಲಿನ ವೇಗ ಇರುವುದಿಲ್ಲ.

2011ರಿಂದ ಮಹಿಳೆಯರಿಗೆ ಬೇರೆ ಸ್ಪರ್ಧೆ ಶುರುವಾಯಿತು. ಆ ವರ್ಷ 40 ತಿಂದು ಗೆದ್ದವರು ಸೋನ್ಯಾ ಥಾಮಸ್. ಅಲ್ಲಿಂದ ಮುಂದೆ ವರ್ಷಕ್ಕೆ ಇಬ್ಬರು ವಿಜೇತರು. ವರ್ಷವೊಂದನ್ನೇ ಕೀ (ಹೊಂದಿಸುವ ಕಾಲಂ) ಮಾಡಿ ಬೇರೆ ಟೇಬಲ್ ಜೊತೆ ಮರ್ಜ್ ಮಾಡಿದರೆ ಸಾಲುಗಳು ಡಬಲ್ ಆಗುತ್ತವೆ. ವರ್ಷ, ವಿಭಾಗ (ಪುರುಷರು ಅಥವಾ ಮಹಿಳೆಯರು) ಎರಡನ್ನೂ ಸೇರಿಸಿ ಕೀ ಮಾಡಿ.

ಹಾಂ, 2018ರ ಸಾಲನ್ನು ಒಮ್ಮೆ ನೋಡಿ. ಅಂದು ಎಣಿಕೆ ತಪ್ಪಿ ಚೆಸ್ಟ್‌ನಟ್‌ಗೆ ಮೊದಲು 64 ಅಂತ ಘೋಷಿಸಿ, ಆಮೇಲೆ 74 ಎಂದು ತಿದ್ದಿದರು. ನಿಮ್ಮ ಫೈಲ್‌ನಲ್ಲಿ 64 ಇದ್ದರೆ ಅದನ್ನು ಕೈಯಿಂದಲೇ ಬದಲಿಸಿ.