ಶಿಲುಬೆಯ ಹಿಡಿ, ಜರ್ಮನಿಯ ಅಲಗು, ಸುಡಾನಿನ ಖಡ್ಗ

ಓದುಗರ ಪತ್ರ: ನಾನು ಧಾರವಾಡದಲ್ಲಿ ಇತಿಹಾಸ ಓದುತ್ತಿರುವ ವಿದ್ಯಾರ್ಥಿನಿ. ಆಫ್ರಿಕದ ಸಾಂಪ್ರದಾಯಿಕ ಖಡ್ಗಗಳ ಬಗ್ಗೆ ನಿಮ್ಮ ಪತ್ರಿಕೆಗೆ ಒಂದು ಲೇಖನ ಬರೆಯಬೇಕೆಂದಿದ್ದೇನೆ. ಹರಾಜಿನ ಫೋಟೋಗಳಲ್ಲಿ ಸುಡಾನಿನ ಖಡ್ಗವೊಂದನ್ನು ನೋಡಿದೆ. ಹಿಡಿ ಥೇಟ್ ಶಿಲುಬೆಯ ಹಾಗಿದೆ, ಅಲಗಿನ ಮೇಲೆ ಯುರೋಪಿನ ಮುದ್ರೆ ಇದೆ. ಮಧ್ಯಯುಗದ ಕ್ರುಸೇಡ್ ಧರ್ಮಯುದ್ಧಕ್ಕೆ ಯುರೋಪಿನಿಂದ ಬಂದವರು ಬಿಟ್ಟುಹೋದ ಕತ್ತಿ ಎಂದು ಕೆಳಗೆ ಬರೆದಿದ್ದರು. ಇದು ನಿಜವೇ? ಹಾಗಾದರೆ ಆಫ್ರಿಕದವರಿಗೆ ತಮ್ಮದೇ ಆದ ಖಡ್ಗದ ಕಸುಬು ಇರಲಿಲ್ಲವೇ? ನಾನು ಎಲ್ಲಿಂದ ಶುರು ಮಾಡಬೇಕು? ಅಂಥದ್ದೇ ಒಂದು ಕಡಿಮೆ ಬೆಲೆಗೆ ಸಿಗುತ್ತಿದೆ, ಕೊಳ್ಳಲೇ?

ಸಂಪಾದಕರ ಉತ್ತರ:

ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಕೊಳ್ಳಬೇಡಿ. ಯಾಕೆ ಅನ್ನೋದನ್ನು ಆಮೇಲೆ ಹೇಳುತ್ತೇನೆ.

ಇನ್ನು ಲೇಖನದ ವಿಷಯ. ‘ಆಫ್ರಿಕದ ಖಡ್ಗಗಳು’ ಅಂತ ಬರೆಯೋಕೆ ಕೂತರೆ ಮೂರು ಪುಟದಲ್ಲಿ ಮುಗಿಯುವ ಮಾತಲ್ಲ. ಸಹಾರಾದ ತುವಾರೆಗ್ ಜನರ ತಕೂಬಾ ನೆಟ್ಟಗಿನ ಕತ್ತಿ. ಇಥಿಯೋಪಿಯದ ಶೋತೆಲ್ ಕುಡುಗೋಲಿನಂತೆ ಬಾಗಿದ್ದು. ಘಾನಾದ ಅಸಾಂಟೆ ಅರಮನೆಯ ಖಡ್ಗಕ್ಕೆ ಹರಿತವೇ ಇಲ್ಲ, ಹಿಡಿಗೆ ಚಿನ್ನದ ತಗಡು. ಕಾಂಗೋದಲ್ಲಂತೂ ಒಂದೊಂದು ಜನಾಂಗಕ್ಕೆ ಒಂದೊಂದು ಆಕಾರ. ಇವನ್ನೆಲ್ಲ ಒಂದೇ ಲೇಖನಕ್ಕೆ ತುರುಕಿದರೆ ಹೆಸರುಗಳ ಪಟ್ಟಿ ಉಳಿಯುತ್ತದೆ, ಬೇರೇನೂ ಉಳಿಯುವುದಿಲ್ಲ. ನೀವು ಆಗಲೇ ಸುಡಾನಿನ ಖಡ್ಗವನ್ನು ನೋಡಿ ಪ್ರಶ್ನೆ ಎತ್ತಿದ್ದೀರಿ. ಅದೊಂದನ್ನೇ ಹಿಡಿಯಿರಿ.

ಸಂಗ್ರಹಕಾರರು ಅದನ್ನು ಕಸ್ಕಾರಾ ಅನ್ನುತ್ತಾರೆ. ಸುಡಾನ್, ಚಾಡ್, ಎರಿಟ್ರಿಯ ಈ ಸೀಮೆಯದು. ಒಟ್ಟು ಉದ್ದ ಸುಮಾರು ಒಂದು ಮೀಟರ್. ಅಲಗು ನೆಟ್ಟಗೆ, ಎರಡೂ ಕಡೆ ಹರಿತ, ಮೊನೆ ಮಾತ್ರ ದುಂಡು. ಅಂದರೆ ಇದು ತಿವಿಯುವ ಕತ್ತಿಯಲ್ಲ, ಬೀಸಿ ಕಡಿಯುವ ಕತ್ತಿ. ಅಲಗು ತೆಳ್ಳಗಿರುತ್ತದೆ, ಅಲ್ಲಾಡಿಸಿದರೆ ತುಯ್ಯುತ್ತದೆ. ಪೂರ್ವ ಸುಡಾನಿನ ಬೇಜಾ ಜನ ಕತ್ತಿ ಹಿಡಿದು ಕುಣಿಯುವಾಗ ಮಣಿಕಟ್ಟನ್ನು ಚೂರು ಝಾಡಿಸಿ ಅಲಗು ನಡುಗುವ ಹಾಗೆ ಮಾಡುತ್ತಾರೆ. ದಪ್ಪ ಕಬ್ಬಿಣದಲ್ಲಿ ಅದು ಆಗುವ ಮಾತಲ್ಲ. ಹಿಡಿಗೆ ಮರ, ಮೇಲೆ ತೊಗಲು, ತುದಿಯಲ್ಲಿ ಬಿಲ್ಲೆಯಂಥ ಗುಂಡು. ಅಲಗಿನ ಬುಡದಲ್ಲಿ ಅಡ್ಡಕ್ಕೆ ಕಬ್ಬಿಣದ ಪಟ್ಟಿ. ನಿಮಗೆ ಶಿಲುಬೆಯ ಹಾಗೆ ಕಂಡದ್ದು ಇದೇ. ತೊಗಲಿನ ಒರೆ ತುದಿಯ ಹತ್ತಿರ ಎಲೆಯಂತೆ ಅಗಲವಾಗುತ್ತದೆ. ಅದನ್ನು ಸೊಂಟಕ್ಕೆ ಕಟ್ಟುವುದಿಲ್ಲ, ಭುಜದಿಂದ ಇಳಿಬಿಡುತ್ತಾರೆ.

ಈಗ ಕ್ರುಸೇಡ್ ಕತೆ. ಇದನ್ನು ಮೊದಲು ಹಬ್ಬಿಸಿದವರು 19ನೇ ಶತಮಾನದ ಯುರೋಪಿನ ಪ್ರವಾಸಿಗರು ಮತ್ತು ಸೈನಿಕರು. ಮರುಭೂಮಿಯಲ್ಲಿ ತಮ್ಮ ಅಜ್ಜಂದಿರ ಕಾಲದ ಕತ್ತಿ ಕಂಡ ಹಾಗಾಗಿ ಅವರಿಗೆ ರೋಮಾಂಚನ. ಈಗ ಹರಾಜಿನವರು ಬಿಡುತ್ತಾರೆಯೇ? ಕ್ರುಸೇಡ್ ಅಂದ ಕೂಡಲೇ ರೇಟು ಏರುತ್ತದಲ್ವಾ. ಆದರೆ ನೆಟ್ಟಗಿನ ಅಲಗು, ಅಡ್ಡಪಟ್ಟಿಯ ಹಿಡಿ ಯುರೋಪಿನ ಒಬ್ಬರ ಸ್ವತ್ತಲ್ಲ. ಅರಬ್ ನಾಡುಗಳಲ್ಲೂ ಈಜಿಪ್ಟನ್ನು ಆಳಿದ ಮಾಮ್ಲೂಕರಲ್ಲೂ ನೆಟ್ಟಗಿನ ಖಡ್ಗ ಬಳಕೆಯಲ್ಲಿತ್ತು. ಮಧ್ಯಯುಗದಲ್ಲಿ ಯುರೋಪಿನ ಖಡ್ಗಗಳು ಈಜಿಪ್ಟಿಗೆ ಬಂದದ್ದೂ ಉಂಟು. ಅಲೆಕ್ಸಾಂಡ್ರಿಯದ ಶಸ್ತ್ರಾಗಾರದಲ್ಲಿಟ್ಟಿದ್ದ ಅಂಥ ಕತ್ತಿಗಳ ಮೇಲೆ ಅರಬ್ಬಿಯಲ್ಲಿ ಬರಹ ಕೆತ್ತಿದ್ದಾರೆ, ಕೆಲವು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿವೆ. ಆದರೆ ಇವತ್ತು ನಮ್ಮ ಕಣ್ಣಿಗೆ ಬೀಳುವ ಕಸ್ಕಾರಾಗಳಲ್ಲಿ ಬಹುಪಾಲು 19ನೇ ಶತಮಾನದವು, ಇಲ್ಲವೇ ಇನ್ನೂ ಈಚಿನವು. ಕ್ರುಸೇಡ್ ಮುಗಿದು ಐನೂರು ವರ್ಷ ಆದ ಮೇಲಿನವು.

ಹಾಗಾದರೆ ಯುರೋಪಿನ ಮುದ್ರೆ ಎಲ್ಲಿಂದ ಬಂತು? ಪೇಟೆಯಿಂದ. ಜರ್ಮನಿಯಲ್ಲಿ ಸೋಲಿಂಗನ್ ಎಂಬ ಊರಿದೆ. ನಮ್ಮ ಹಳೇ ಕ್ಷೌರದಂಗಡಿಗಳ ಒಳ್ಳೆ ರೇಜರ್‌ಗಳ ಮೇಲೂ ಆ ಊರಿನ ಹೆಸರು ಇರುತ್ತಿತ್ತು. ಹಿರಿಯರನ್ನು ಕೇಳಿ ನೋಡಿ. ಆ ಊರಿನ ಕಸುಬುದಾರರು ಬರೀ ಅಲಗುಗಳನ್ನು ಕಟ್ಟುಕಟ್ಟಾಗಿ ಮಾಡಿ ಹೊರನಾಡಿಗೆ ಮಾರುತ್ತಿದ್ದರು. ಅವು ಕೈರೋ ಮುಟ್ಟಿ, ಅಲ್ಲಿಂದ ಒಂಟೆ ಸಾಲಿನ ಜೊತೆ ದಕ್ಷಿಣಕ್ಕೆ ಇಳಿಯುತ್ತಿದ್ದವು. ಸ್ವಿಸ್ ಪ್ರವಾಸಿ ಬುರ್ಕ್‌ಹಾರ್ಟ್ 1814ರಲ್ಲಿ ನೈಲ್ ದಡದ ಶೆಂದಿ ಪೇಟೆಗೆ ಹೋಗಿದ್ದ. ಸೋಲಿಂಗನ್ ಅಲಗುಗಳು ಅಲ್ಲಿಯ ವ್ಯಾಪಾರದಲ್ಲಿದ್ದದ್ದನ್ನು ಅವನು ಬರೆದಿಟ್ಟಿದ್ದಾನೆ. ಹೀಗೆ ಬಂದ ಅಲಗಿಗೆ ಹಿಡಿ, ಅಡ್ಡಪಟ್ಟಿ, ಒರೆ ಎಲ್ಲ ಊರಿನ ಕಸುಬುದಾರರ ಕೈಯಲ್ಲೇ ಆಗುತ್ತಿತ್ತು.

ಇದರಲ್ಲಿ ತಲೆ ತಗ್ಗಿಸುವಂಥದ್ದೇನಿದೆ? ನಮ್ಮ ದಖ್ಖನಿನಲ್ಲೂ ಇದೇ ನಡೆದಿದೆ. ಪೋರ್ಚುಗೀಸರು ಪಶ್ಚಿಮ ಕರಾವಳಿಗೆ ಬಂದ ಮೇಲೆ ಯುರೋಪಿನ ಅಲಗುಗಳು ಇಲ್ಲಿಯ ಪೇಟೆಗೂ ಇಳಿದವು. ನಮ್ಮ ಕಸುಬುದಾರರು ಅವಕ್ಕೆ ಇಲ್ಲಿಯ ಹಿಡಿ ಕೂರಿಸಿದರು. ಆ ಬಗೆಯ ಖಡ್ಗಕ್ಕೆ ಫಿರಂಗಿ ಅಂತಲೇ ಹೆಸರು (ತೋಪಿನ ಫಿರಂಗಿ ಅಲ್ಲ, ಕತ್ತಿ). ಅದನ್ನು ಯಾರೂ ಪರದೇಶದ ಕತ್ತಿ ಅನ್ನುವುದಿಲ್ಲ, ದಖ್ಖನಿನ ಖಡ್ಗ ಅಂತಲೇ ಅನ್ನುತ್ತಾರೆ. ಸುಡಾನಿಗೂ ಅದೇ ಲೆಕ್ಕ ಇರಲಿ.

‘ತಮ್ಮದೇ ಆದ ಕಸುಬು ಇರಲಿಲ್ಲವೇ’ ಅಂತ ಕೇಳಿದ್ದೀರಿ. ಸುಡಾನಿನ ಮೆರೋಯೆಯಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದೆ ಕಬ್ಬಿಣ ಕರಗಿಸುತ್ತಿದ್ದರು. ಅದರ ಕಿಟ್ಟದ ದಿಬ್ಬಗಳು ಈಗಲೂ ಅಲ್ಲಿವೆ. ಆದ್ದರಿಂದ ಕಬ್ಬಿಣ ಗೊತ್ತಿಲ್ಲದೆ ಅವರು ಅಲಗು ಕೊಂಡದ್ದಲ್ಲ. ಒಂದೇ ಗುಣಮಟ್ಟದ ಮಾಲು ಸಲೀಸಾಗಿ ಸಿಗುತ್ತಿತ್ತು, ಕೊಂಡರು. ಸಿಗದಿದ್ದಾಗ ತಾವೇ ಬಡಿದರು, ಮೇಲೆ ಸೋಲಿಂಗನ್ ಮುದ್ರೆಯನ್ನೂ ಹೊಡೆದರು! ಮುಖವಿರುವ ಜೋಡಿ ಅರ್ಧಚಂದ್ರ, ಸಿಂಹ, ಗೋಳದ ಮೇಲೆ ಶಿಲುಬೆ ಇವೆಲ್ಲ ಮೊದಲು ಯುರೋಪಿನ ಗುರುತುಗಳು, ಆಮೇಲೆ ಸುಡಾನಿನ ಕಮ್ಮಾರರ ಕೈಗೂ ಬಂದವು. ಮುದ್ರೆ ನೋಡಿ ಊರು ಹೇಳಲು ಹೋದರೆ ಎಡವುವುದು ಗ್ಯಾರಂಟಿ.

ಗುರುತಿಸೋಕೆ ಬೇರೆ ದಾರಿ ಇದೆ. ಅಲಗಿನ ನಡುವೆ ಉದ್ದಕ್ಕೂ ಒಂದೋ ಮೂರೋ ತೋಡು ಇರುತ್ತದೆ. ಕಾರ್ಖಾನೆಯ ಅಲಗಿನಲ್ಲಿ ಅದು ಗೆರೆ ಎಳೆದ ಹಾಗೆ, ಆಳವೂ ಒಂದೇ ಸಮ. ಊರಿನ ಕುಲುಮೆಯದ್ದಾದರೆ ತೋಡು ಅಲ್ಲಲ್ಲಿ ಚೂರು ಸೊಟ್ಟ, ಅಂಚು ಏರುಪೇರು. ಮುದ್ರೆಯನ್ನು ದೊಡ್ಡದು ಮಾಡಿ ನೋಡಿ. ಅಚ್ಚಿನಲ್ಲಿ ಒಂದೇ ಏಟಿಗೆ ಬಿದ್ದದ್ದೋ, ಉಳಿಯಲ್ಲಿ ಗೀಚಿ ಗೀಚಿ ಬಿಡಿಸಿದ್ದೋ ಅಂತ ಕಣ್ಣಿಗೆ ಗೊತ್ತಾಗುತ್ತದೆ. ಹಿಡಿಗೂ ಅಲಗಿಗೂ ಒಂದೇ ವಯಸ್ಸು ಅಂತ ನಂಬಬೇಡಿ. ಅಲಗು ಅಪ್ಪನಿಂದ ಮಗನಿಗೆ ಬರುತ್ತದೆ, ಹಿಡಿಯ ತೊಗಲು ಸವೆದರೆ ಬದಲಾಗುತ್ತದೆ. ಪೂರ್ವ ಸುಡಾನಿನ ಕಸಲಾ ಪೇಟೆಯ ಕಮ್ಮಾರರು ನಮ್ಮ ಕಾಲದಲ್ಲೂ ಲಾರಿಯ ಕಮಾನುಪಟ್ಟಿ ಕಾಸಿ ಬಡಿದು ಈ ಖಡ್ಗ ಮಾಡಿದ್ದಾರೆ. ನಮ್ಮ ಕಡೆ ಮಚ್ಚು ಮಾಡುವವರು ಗುಜರಿಯಲ್ಲಿ ಹುಡುಕುವುದೂ ಅದೇ ಪಟ್ಟಿಯನ್ನು. ಒಳ್ಳೆ ಉಕ್ಕು ಅದು.

ಬಳಕೆಯ ಬಗ್ಗೆ ಒಂದು ವಿವರ ಕೊಡುತ್ತೇನೆ, ನಿಮ್ಮ ಲೇಖನದಲ್ಲಿ ಇದು ಇರಲೇಬೇಕು. ಇಂಗ್ಲಿಷ್ ಬೇಟೆಗಾರ ಸ್ಯಾಮ್ಯುಯೆಲ್ ಬೇಕರ್ 1861ರ ಹೊತ್ತಿಗೆ ಅತ್ಬರಾ ನದಿಯ ಸೀಮೆಯಲ್ಲಿ ಓಡಾಡಿದ. ಅಲ್ಲಿಯ ಹಮ್ರಾನ್ ಅರಬರು ಬಂದೂಕಿಲ್ಲದೆ, ಬರೀ ಖಡ್ಗದಲ್ಲಿ ಆನೆ ಬೇಟೆ ಆಡುತ್ತಿದ್ದರು. ಅಲಗಿನ ಬುಡದಲ್ಲಿ ಸುಮಾರು ಒಂದು ಗೇಣು ಉದ್ದಕ್ಕೆ ಬಿಗಿಯಾಗಿ ಹುರಿ ಸುತ್ತುತ್ತಿದ್ದರು. ಎಡಗೈ ಹಿಡಿಯ ಮೇಲೆ, ಬಲಗೈ ಆ ಹುರಿಯ ಮೇಲೆ. ಒಂಟಿ ಕೈಯ ಕತ್ತಿ ಎರಡು ಕೈಯದ್ದಾಯಿತು, ಹೊಸ ಕತ್ತಿ ಮಾಡಿಸದೆಯೇ. ಒಬ್ಬ ಸವಾರ ಆನೆಯ ಮುಂದೆ ಕುದುರೆ ಓಡಿಸಿ ಅದನ್ನು ಕೆಣಕಿ ತನ್ನ ಬೆನ್ನಟ್ಟಿಸಿಕೊಳ್ಳುತ್ತಾನೆ. ಇನ್ನೊಬ್ಬ ಹಿಂದಿನಿಂದ ಬಂದು, ಓಡುತ್ತಿರುವ ಕುದುರೆಯಿಂದ ನೆಲಕ್ಕೆ ಹಾರಿ, ಹಿಂಗಾಲಿನ ನರ ಕತ್ತರಿಸುತ್ತಾನೆ. ಆನೆ ಅಲ್ಲೇ ಕುಸಿಯುತ್ತದೆ. ಓದುವಾಗ ಸಂಕಟವಾಗುತ್ತದೆ, ನಿಜ. ಆದರೆ ತೆಳ್ಳನೆಯ ಅಲಗು ಯಾಕೆ, ಕೂದಲು ಹೆರೆಯುವಷ್ಟು ಹರಿತ ಯಾಕೆ ಅನ್ನೋದು ಇಲ್ಲಿ ಅರ್ಥವಾಗುತ್ತದೆ.

ಇದೇ ಖಡ್ಗ ಹಿಡಿದ ಜನ 1898ರ ಸೆಪ್ಟೆಂಬರ್ 2ರಂದು ಸುಡಾನಿನ ಓಮ್ದುರ್ಮಾನ್ ಬಯಲಲ್ಲಿ ಬ್ರಿಟಿಷ್ ಸೇನಾಪತಿ ಕಿಚನರ್‌ನ ಮೆಷಿನ್ ಗನ್ನುಗಳಿಗೆ ಎದುರಾದರು. ಒಂದೇ ಬೆಳಗಿನಲ್ಲಿ 10 ಸಾವಿರಕ್ಕೂ ಹೆಚ್ಚು ಸುಡಾನಿಗರು ಸತ್ತರು. ಬ್ರಿಟಿಷ್ ಮತ್ತು ಈಜಿಪ್ಟ್ ಪಡೆಯ ಕಡೆ ಸತ್ತವರು 50ರ ಒಳಗೆ. ಬ್ರಿಟನ್ನಿನ ಮನೆಗಳಲ್ಲೂ ಮ್ಯೂಸಿಯಂಗಳಲ್ಲೂ ಇಷ್ಟೊಂದು ಕಸ್ಕಾರಾ ಹೇಗೆ ಸೇರಿದವು ಅನ್ನೋದಕ್ಕೆ ದೊಡ್ಡ ಕಾರಣ ಈ ಯುದ್ಧ. ಇನ್ನೊಂದು ಕಾರಣ, ಗೆದ್ದವರಿಗೆ ನೆನಪಿನ ವಸ್ತು ಬೇಕಾಗಿತ್ತು. ಬೇಡಿಕೆ ಇದ್ದ ಕಡೆ ಮಾಲು ತಯಾರಾಗುತ್ತದೆ. ಅಲಗಿನ ತುಂಬ ಆಸಿಡ್‌ನಲ್ಲಿ ಕೊರೆದ ಅರಬ್ಬಿ ಬರಹ ಕಂಡರೆ, ಅದು ಯುದ್ಧಕ್ಕೆ ಹೋಗಿತ್ತೋ ಅಂಗಡಿಯಿಂದ ನೇರ ಪೆಟ್ಟಿಗೆಗೆ ಹೋಗಿತ್ತೋ ಅಂತ ವಿಚಾರಿಸಿ. ಅರಬ್ಬಿ ಓದಬಲ್ಲವರಿಗೆ ಒಮ್ಮೆ ತೋರಿಸಿ.

ಹುಡುಕೋಕೆ ಎಲ್ಲಿ ಹೋಗಬೇಕು? ಧಾರವಾಡದಲ್ಲೇ ಕೂತು ಮಾಡಬಹುದು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ, ಆಕ್ಸ್‌ಫರ್ಡಿನ ಪಿಟ್ ರಿವರ್ಸ್ ಮ್ಯೂಸಿಯಂ, ಪ್ಯಾರಿಸ್ಸಿನ ಕೇ ಬ್ರಾನ್ಲಿ, ಇವುಗಳ ಸಂಗ್ರಹದ ಪಟ್ಟಿ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಅಲ್ಲಿ ಮೊದಲು ನೋಡಬೇಕಾದ್ದು ಫೋಟೋ ಅಲ್ಲ, ವಸ್ತು ಯಾವ ವರ್ಷ, ಯಾರ ಕೈಯಿಂದ ಬಂತು ಅನ್ನುವ ಸಾಲು. ಒಂದು ಖಡ್ಗ 1885ರಲ್ಲಿ ದಾಖಲಾಗಿದ್ದರೆ ಅದು ಅದಕ್ಕಿಂತ ಈಚಿನದಂತೂ ಅಲ್ಲ. ಇಂಥ ಹತ್ತಿಪ್ಪತ್ತನ್ನು ಪಕ್ಕಪಕ್ಕ ಇಟ್ಟುಕೊಂಡರೆ ಅಡ್ಡಪಟ್ಟಿ, ತೋಡು, ಒರೆ ಕಾಲಕಾಲಕ್ಕೆ ಹೇಗೆ ಬದಲಾಯಿತು ಅಂತ ನಿಮಗೇ ಹೊಳೆಯುತ್ತದೆ. ಎಷ್ಟೋ ಕಡೆ ಬೇರೆ ಸಾಕ್ಷಿಯೂ ಸಿಗುತ್ತದೆ. ನೈಜೀರಿಯದ ಬೆನಿನ್ ಅರಮನೆಯ ಹಿತ್ತಾಳೆ ಫಲಕಗಳು 16–17ನೇ ಶತಮಾನದವು. ಅವುಗಳಲ್ಲಿ ಸರದಾರರು ಎತ್ತಿ ಹಿಡಿದಿರುವ ಬೀಸಣಿಗೆಯಂಥ ಅಗಲ ಅಲಗಿನ ಎಬೆನ್ ಖಡ್ಗವನ್ನು ಈಗಲೂ ದೊರೆಯ ಮುಂದೆ ಕುಣಿಯುವಾಗ ಹಿಡಿಯುತ್ತಾರೆ.

ಮ್ಯೂಸಿಯಂಗಳ ವಿವರಣೆಯನ್ನೂ ಕಣ್ಣುಮುಚ್ಚಿ ನಂಬಬೇಡಿ. ಕಾಂಗೋದ ಙ್ಗೋಂಬೆ ಜನರ ಕೊಕ್ಕೆಯಾಕಾರದ ಖಡ್ಗಕ್ಕೆ ‘ತಲೆ ಕಡಿಯುವ ಕತ್ತಿ’ ಅಂತ ಹೆಸರು ಬಿದ್ದಿದೆ. 1890ರ ಸುಮಾರಿಗೆ ಯುರೋಪಿನ ಪತ್ರಿಕೆಗಳಲ್ಲಿ ಶಿರಚ್ಛೇದದ ಚಿತ್ರಗಳು ಬಂದವು, ಅದೇ ಗಟ್ಟಿಯಾಗಿ ಅಂಟಿತು. ಸಮಾರಂಭದಲ್ಲಿ, ಕುಣಿತದಲ್ಲಿ ಅದನ್ನು ಹಿಡಿಯುತ್ತಿದ್ದದ್ದು ಅಡಿಟಿಪ್ಪಣಿಗೆ ಸರಿಯಿತು. ಅದೇ ಕಾಂಗೋದ ಕೂಬಾ ಜನರ ರಾಜರ ಮರದ ಮೂರ್ತಿಗಳನ್ನು ನೋಡಿ. ಎಡಗೈಯಲ್ಲಿರುವ ಇಕುಲ್ ಎಂಬ ಚೂರಿ ಶಾಂತಿಯ ಗುರುತು.

ಶೋತೆಲ್‌ಗೂ ಹೀಗೇ ಆಯಿತು. ಇದೇನು ಸೊಟ್ಟ ಕತ್ತಿ, ಒರೆಯಿಂದ ಎಳೆಯೋದೇ ಕಷ್ಟ ಅಂತ ಯುರೋಪಿನವರು ನಕ್ಕರು. ಎದುರಾಳಿಯ ಗುರಾಣಿಯ ಅಂಚು ದಾಟಿ ಒಳಗೆ ಇಳಿಯೋಕೆ ಆ ಬಾಗು ಬೇಕು. ಇಥಿಯೋಪಿಯದಲ್ಲಿ ಕತ್ತಿಯನ್ನು ಬಲಸೊಂಟಕ್ಕೆ ಕಟ್ಟುತ್ತಿದ್ದರು, ಯಾಕೆಂದರೆ ಎಡಗೈಯಲ್ಲಿ ಗುರಾಣಿ. ಒಂದನ್ನು ಬಿಟ್ಟು ಇನ್ನೊಂದನ್ನು ನೋಡಿದರೆ ಎರಡೂ ಅರ್ಥವಾಗುವುದಿಲ್ಲ.

ಅಸಾಂಟೆಯ ಮಾತು ಸ್ವಲ್ಪ ಹೇಳಲೇಬೇಕು. ಅಲ್ಲಿ ಖಡ್ಗ ಅಂದರೆ ಅಧಿಕಾರ. ಮ್ಪೊಂಪೊನ್ಸು ಎಂಬ ಖಡ್ಗ ಹಿಡಿದು ದೊರೆ ಪ್ರಮಾಣ ಮಾಡುತ್ತಾನೆ. ಇಂಥ ರಾಜ್ಯಖಡ್ಗಗಳ ಒರೆಗೆ ಎರಕದ ಚಿನ್ನದ ಬೊಂಬೆ ಕಟ್ಟುತ್ತಾರೆ. ಹಾರುವ ಹಕ್ಕಿಯನ್ನು ಬಾಯಲ್ಲಿ ಹಿಡಿದ ಹಾವು ಅದರಲ್ಲೊಂದು. ರೆಕ್ಕೆ ಇಲ್ಲದಿದ್ದರೂ ತಾಳ್ಮೆ ಇದ್ದರೆ ಹಕ್ಕಿ ಸಿಕ್ಕುತ್ತದೆ ಅನ್ನುವ ಗಾದೆ ಅದರ ಹಿಂದಿದೆ. 1874ರಲ್ಲಿ ಬ್ರಿಟಿಷರು ಅಸಾಂಟೆ ರಾಜಧಾನಿ ಕುಮಾಸಿಯನ್ನು ಸುಟ್ಟು ಅರಮನೆಯ ಚಿನ್ನ ದೋಚಿದರು. 150 ವರ್ಷ ಕಳೆದು 2024ರಲ್ಲಿ ಲಂಡನ್ನಿನ ಎರಡು ಮ್ಯೂಸಿಯಂಗಳು ಅಸಾಂಟೆಯ 32 ವಸ್ತುಗಳನ್ನು ಕುಮಾಸಿಯ ಮಾನ್‌ಹಿಯಾ ಅರಮನೆಗೆ ಕಳಿಸಿದವು. ಕೊಟ್ಟದ್ದು ಮೂರು ವರ್ಷದ ಸಾಲವಾಗಿ! ಮ್ಪೊಂಪೊನ್ಸು ಖಡ್ಗವೂ ಅದರಲ್ಲಿತ್ತು. ವಾಪಸ್ ಕೊಡಲು ಅವರ ಕಾಯ್ದೆ ಬಿಡುವುದಿಲ್ಲವಂತೆ. ಕದ್ದ ಮಾಲನ್ನು ಮನೆಯವರಿಗೇ ಸಾಲ ಕೊಡುವ ಕಾಯ್ದೆ ನನ್ನ ತಲೆಗಂತೂ ಹತ್ತುವುದಿಲ್ಲ.

ಈಗ ನಿಮ್ಮ ಅಗ್ಗದ ಖಡ್ಗಕ್ಕೆ ಬರೋಣ. ಸುಡಾನಿನಲ್ಲಿ 2023ರ ಏಪ್ರಿಲ್‌ನಲ್ಲಿ ಯುದ್ಧ ಶುರುವಾಯಿತು. ನಮ್ಮ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಹಾಕಿಕೊಂಡು ಆಪರೇಷನ್ ಕಾವೇರಿಯಲ್ಲಿ ಮನೆಗೆ ಬಂದದ್ದು ನಿಮಗೆ ನೆನಪಿರಬಹುದು. ಆ ಯುದ್ಧದಲ್ಲಿ ರಾಜಧಾನಿ ಖಾರ್ತೂಮಿನ ರಾಷ್ಟ್ರೀಯ ಮ್ಯೂಸಿಯಂ ಲೂಟಿಯಾಯಿತು. ಸುಡಾನಿನ ಪುರಾತನ ವಸ್ತುಗಳನ್ನು ಕೊಳ್ಳಬೇಡಿ, ಮಾರಬೇಡಿ ಎಂದು 2024ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ಕೇಳಿಕೊಂಡಿತು. ನಿಮಗೆ ಸಿಗುತ್ತಿರುವುದು ಬರೀ ಪ್ರವಾಸಿಗರ ಮಾಲೇ ಇರಬಹುದು. ಆದರೆ ಹಿಂದಿನ ಮಾಲೀಕರು ಯಾರು ಅಂತ ಕಾಗದ ತೋರಿಸದವರ ಹತ್ತಿರ ವ್ಯವಹಾರ ಬೇಡ. ಜೊತೆಗೆ ಖಡ್ಗಕ್ಕೂ ನಮ್ಮ ಆಯುಧ ಕಾಯ್ದೆ ಅನ್ವಯಿಸುತ್ತದೆ. ಇಥಿಯೋಪಿಯದ ಹಳೇ ಕತ್ತಿಗಳಲ್ಲಿ ಘೇಂಡಾಮೃಗದ ಕೊಂಬಿನ ಹಿಡಿ ಇರುವುದುಂಟು, ಅದನ್ನು ತರಿಸಿದರೆ ವನ್ಯಜೀವಿ ಕಾಯ್ದೆಯ ಕೇಸೂ ಮೈಮೇಲೆ ಬರುತ್ತದೆ. ಲೇಖನ ಬರೆಯೋಕೆ ಕತ್ತಿ ಮನೆಯಲ್ಲಿ ಇರಬೇಕಾಗಿಲ್ಲ.

ಬರಹ ಕಳಿಸಿ. ಒಂದೇ ಖಡ್ಗದ ಮೇಲೆ ಇರಲಿ, 1,500 ಪದ ಸಾಕು. ಪ್ರತಿ ಚಿತ್ರದ ಜೊತೆ ಮ್ಯೂಸಿಯಂನ ಹೆಸರು, ದಾಖಲೆ ಸಂಖ್ಯೆ, ಅವರು ಕೊಟ್ಟ ಅನುಮತಿ ಬರೆದು ಕಳಿಸಿ. ಹರಾಜಿನವರ ಫೋಟೋ ಮಾತ್ರ ಬೇಡ.