ಕೈಗೆ ಹತ್ತದ ಸುಣ್ಣದ ಬಣ್ಣವನ್ನು ಮನೆಯಲ್ಲೇ ಮಾಡಿಕೊಳ್ಳುವುದು ಹೇಗೆ?

ಅಂಗಡಿ ಪೇಂಟ್ ಬಿಟ್ಟು ಸುಣ್ಣದಲ್ಲೇ ಗೋಡೆಯ ಬಣ್ಣ ಮಾಡಿಕೊಳ್ಳಬಹುದೇ, ಅದು ಬಟ್ಟೆಗೆಲ್ಲ ಹತ್ತುತ್ತದಲ್ಲ ಎಂದು ಕೇಳಿದ್ದೀರಿ. ಧಾರಾಳವಾಗಿ ಮಾಡಿಕೊಳ್ಳಬಹುದು. ಪುಡಿ ಉದುರುವುದು ಸುಣ್ಣದ ಗುಣವಲ್ಲ. ಹಳೇ ಸುಣ್ಣ, ಒಣ ಗೋಡೆ, ದಪ್ಪ ಕೋಟ್, ಹೆಚ್ಚಾದ ಬಣ್ಣ: ಸಾಮಾನ್ಯವಾಗಿ ಇವುಗಳಲ್ಲೇ ಯಾವುದೋ ಒಂದು ಕಾರಣವಾಗಿರುತ್ತದೆ.

ಮಣ್ಣು, ಇಟ್ಟಿಗೆ, ಗಾರೆ, ಸಿಮೆಂಟ್ ಪ್ಲಾಸ್ಟರ್ ಮೇಲೆ ಸುಣ್ಣ ಹಿಡಿಯುತ್ತದೆ. ಎಮಲ್ಶನ್, ಆಯಿಲ್ ಪೇಂಟ್, ಡಿಸ್ಟೆಂಪರ್ ಇದ್ದರೆ ಮೊದಲು ಪೂರ್ತಿ ಹೆರೆದು ತೆಗೆಯಿರಿ.

ಸುಟ್ಟ ಸುಣ್ಣವನ್ನು ಗಟ್ಟಿ ಹರಳಾಗಿಯೇ ಕೊಳ್ಳಿ. ತಾನಾಗೇ ಪುಡಿಯಾಗಿದ್ದರೆ ಅದು ಗಾಳಿಯ ತೇವ ಕುಡಿದು ಸತ್ವ ಕಳೆದುಕೊಳ್ಳುತ್ತಿದೆ ಎಂದರ್ಥ. ಚೀಲದ ಪುಡಿ ಸುಣ್ಣವೂ ನಡೆಯುತ್ತದೆ, ಆದರೆ ಒಂದು ಚಿಟಿಕೆಗೆ ನಿಂಬೆರಸ ಹಿಂಡಿ ನೋಡಿ. ಬುರುಬುರು ನೊರೆ ಬಂದರೆ ಆಗಲೇ ಸೀಮೆಸುಣ್ಣದಂತಾಗಿದೆ, ಗೋಡೆಗೆ ಅಂಟುವುದಿಲ್ಲ.

5 ಕೆ.ಜಿ. ಹರಳಿಗೆ 50 ಲೀಟರಿನ ಕಬ್ಬಿಣದ ಡ್ರಮ್ ಇರಲಿ. ಅಲ್ಯೂಮಿನಿಯಂ ಪಾತ್ರೆಯನ್ನು ಸುಣ್ಣ ತಿನ್ನುತ್ತದೆ, ತೆಳು ಪ್ಲಾಸ್ಟಿಕ್ ಬಕೆಟ್ ಶಾಖಕ್ಕೆ ಮೆತ್ತಗಾಗುತ್ತದೆ. ಮೊದಲು 15 ಲೀಟರ್ ನೀರು ಸುರಿದು, ಆಮೇಲೆ ಹರಳುಗಳನ್ನು ಸ್ವಲ್ಪಸ್ವಲ್ಪವೇ ಇಳಿಬಿಡಿ. ಕೊತಕೊತ ಕುದ್ದು ಸಿಡಿಯುತ್ತದೆ. ಕನ್ನಡಕ, ರಬ್ಬರ್ ಗ್ಲೌಸ್ ಇಲ್ಲದೆ ಹತ್ತಿರ ಹೋಗಬೇಡಿ, ಮಕ್ಕಳನ್ನಂತೂ ದೂರ ಇಡಿ. ಕಣ್ಣಿಗೆ ಹಾರಿದರೆ ತಡಮಾಡದೆ ಧಾರೆ ನೀರಿನಲ್ಲಿ ತೊಳೆಯುತ್ತಾ ಇದ್ದು, ನಂತರ ಡಾಕ್ಟರ ಬಳಿ ಹೋಗಲೇಬೇಕು. ಅರಳಿದ ಸುಣ್ಣ ಕನಿಷ್ಠ 24 ಗಂಟೆ ನೀರಿನಡಿ ನೆನೆಯಲಿ. ಎರಡು ವಾರ ಬಿಟ್ಟರೆ ಇನ್ನೂ ನುಣುಪು. ಆಮೇಲೆ ಹಳೇ ಪಂಚೆಯಲ್ಲಿ ಸೋಸಿ, ಒಟ್ಟು 25 ಲೀಟರ್ ಆಗುವಷ್ಟು ನೀರು ಸೇರಿಸಿ. 100 ಗ್ರಾಂ ಗೋಂದನ್ನು ಬಿಸಿನೀರಿನಲ್ಲಿ ಕರಗಿಸಿ ಹಾಕಿ.

ಬಣ್ಣಕ್ಕೆ ಕೆಮ್ಮಣ್ಣು, ಹಳದಿ ಮಣ್ಣು, ಇಲ್ಲವೇ ನೆಲಕ್ಕೆ ಹಾಕುವ ರೆಡ್ ಆಕ್ಸೈಡ್ ಪುಡಿ ಒಳ್ಳೆಯದು. ಅರಿಶಿನ ಬೇಡವೇ ಬೇಡ: ಸುಣ್ಣ ಸೇರಿದೊಡನೆ ಆರತಿ ನೀರಿನಂತೆ ಕೆಂಪಾಗಿ, ಬಿಸಿಲಿಗೆ ಮಾಸಿಹೋಗುತ್ತದೆ. ಮಣ್ಣನ್ನು ರಾತ್ರಿಯಿಡೀ ನೆನೆಸಿ ಸೋಸಿ ಬೆರೆಸಿ. 5 ಕೆ.ಜಿ. ಸುಣ್ಣಕ್ಕೆ ಅರ್ಧ ಕೆ.ಜಿ. ಮೀರದಿರಲಿ, ಮೀರಿದರೆ ಹಿಡಿದಿಡಲು ಸುಣ್ಣ ಸಾಲದೆ ಬಣ್ಣ ಕೈಗೆ ಬರುತ್ತದೆ. ಡ್ರಮ್ಮಿನಲ್ಲಿ ಕಾಣುವುದಕ್ಕಿಂತ ಗೋಡೆಯ ಮೇಲೆ ಬಹಳ ತಿಳಿಯಾಗಿ ಒಣಗುವುದರಿಂದ ರಟ್ಟಿನ ಮೇಲೆ ಬಳಿದು, ಒಣಗಿಸಿ ನೋಡಿ. ಇಡೀ ಕೋಣೆಗಾಗುವಷ್ಟನ್ನು ಒಂದೇ ಸಲ ಕಲಸಿಕೊಳ್ಳಿ, ಎರಡನೇ ಸಲ ಅದೇ ಬಣ್ಣ ಬರುವುದು ಕಷ್ಟ.

ಬಳಿಯುವಾಗ ಒಂದು ವಿಷಯ ನೆನಪಿರಲಿ. ಸುಣ್ಣ ಬರೀ ಒಣಗಿ ಗಟ್ಟಿಯಾಗುವುದಲ್ಲ. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗುತ್ತದೆ. ಅದಕ್ಕೆ ತೇವ ಬೇಕು. ಹಾಗಾಗಿ ಗೋಡೆಗೆ ಚೆನ್ನಾಗಿ ನೀರು ಚಿಮುಕಿಸಿ, ಮೇಲಿನ ನೀರು ಇಂಗಿದ ಮೇಲೆ ಹಾಲಿನಷ್ಟು ತೆಳ್ಳಗೆ ಮೂರು ಕೋಟ್ ಕೊಡಿ. ಒಂದೊಂದಕ್ಕೂ ನಡುವೆ ಒಂದು ದಿನ ಬಿಡಿ. ಉರಿಬಿಸಿಲಿನಲ್ಲಿ ಬಳಿಯಬೇಡಿ. ಹಸಿ ಇದ್ದಾಗ ಗೋಡೆ ಕಾಣುತ್ತದೆಂದು ಮತ್ತೆಮತ್ತೆ ಬಳಿದರೆ ಪದರ ದಪ್ಪವಾಗಿ ಚಕ್ಕೆ ಏಳುತ್ತದೆ. ಒಣಗಿದಂತೆ ಅದೇ ಬೆಳ್ಳಗಾಗುತ್ತದೆ. ತಳದಲ್ಲಿ ಸುಣ್ಣ ಕೂರುವುದರಿಂದ ಪ್ರತಿ ಸಲ ಕುಂಚ ಅದ್ದುವ ಮುನ್ನ ಕದಡಿ. ಕಡೆಯ ಕೋಟ್ ಆದ ಮೇಲೂ ಮೂರ್ನಾಲ್ಕು ದಿನ ಬೆಳಿಗ್ಗೆ ಸಂಜೆ ಹದವಾಗಿ ನೀರು ಚಿಮುಕಿಸಿ.